ಕೆರೆ ನೀರಿನ ವರದಿ ಬಂತು, ಗೋಡಿನ ವರದಿ ಎಲ್ಲಿ?

ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ನೀರು ಕೋಲಾರಕ್ಕೆ ಬಂದಾಗಿನಿಂದ ಇಲ್ಲಿನ ಜನ ಎರಡು ಥರದ ಸುದ್ದಿ ಓದುತ್ತಾ ಬಂದಿದ್ದಾರೆ. ನೀರಿನ ಪರೀಕ್ಷೆ ಆಗಿದೆ, ಲೋಹಗಳೆಲ್ಲ ಮಿತಿಯೊಳಗೇ ಇವೆ, ಗಾಬರಿ ಬೇಡ ಅನ್ನುವುದು ಒಂದು. ಕೆರೆಗಳಿಗೆ ಸೀಸ, ಕ್ಯಾಡ್ಮಿಯಂ ಸೇರುತ್ತಿದೆ, ನಾಳೆ ತರಕಾರಿಗೂ ಬರುತ್ತದೆ ಅನ್ನುವುದು ಇನ್ನೊಂದು. ಎರಡರಲ್ಲಿ ಒಂದು ಸುಳ್ಳು ಇರಲೇಬೇಕು ಅಂತ ಓದುವವರಿಗೆ ಅನ್ನಿಸುವುದು ಸಹಜ.

ಆದರೆ ಎರಡೂ ಒಟ್ಟಿಗೇ ನಿಜ ಆಗಿರಲು ಸಾಧ್ಯ. ಕೆರೆಗೆ ಬಂದ ಲೋಹ ನೀರಿನಲ್ಲಿ ಜಾಸ್ತಿ ದಿನ ನಿಲ್ಲುವುದಿಲ್ಲ. ತಳದ ಗೋಡಿಗೆ, ಅಂದರೆ ಹೂಳಿಗೆ ಇಳಿಯುತ್ತದೆ. ಅಲ್ಲಿ ರೂಪ ಬದಲಿಸುತ್ತದೆ. ಪರಿಸ್ಥಿತಿ ಬದಲಾದರೆ ಮತ್ತೆ ಮೇಲೇಳುತ್ತದೆ. ನೀರನ್ನಷ್ಟೇ ಸೀಸೆಯಲ್ಲಿ ತುಂಬಿ ಲ್ಯಾಬಿಗೆ ಕಳಿಸಿದರೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. ನೀರು ವಿಷವೋ ಅಮೃತವೋ ಅನ್ನುವ ಜಗಳ ಇಷ್ಟು ವರ್ಷ ನಡೆದರೂ ಬಗೆಹರಿಯದಿರಲು ಇದೂ ಒಂದು ಕಾರಣ.

ಇಲ್ಲಿಯವರೆಗೆ ಆಗಿದ್ದು

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಕೋಲಾರ ಜಿಲ್ಲೆಯ ಕಡೆಗೆ ಪಂಪ್ ಮಾಡುವುದು ಯೋಜನೆ. ಮೊದಲ ಲೆಕ್ಕದಲ್ಲಿ 126 ಕೆರೆಗಳಿದ್ದವು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ಅಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ನೀರು ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಅದೂ ಮುಂದೆ ತೆರವಾಯಿತು. ಚಿಕ್ಕಬಳ್ಳಾಪುರದ ಕಂದವಾರ ಮತ್ತು ಇತರ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು, ಅಂದರೆ ಎಚ್.ಎನ್. ವ್ಯಾಲಿ ನೀರು ಬರುತ್ತಿದೆ. ವೃಷಭಾವತಿ ಕಣಿವೆಯ ನೀರನ್ನು ತುಮಕೂರು ಕಡೆಗೆ ಒಯ್ಯುವ ಯೋಜನೆಯೂ ಇದೆ.

ನೊರೆಯ ಬಗ್ಗೆ ಒಂದು ಮಾತು ಹೇಳಬೇಕು. ನೊರೆ ಬರುವುದು ಮುಖ್ಯವಾಗಿ ಸೋಪು, ಡಿಟರ್ಜೆಂಟ್‌ಗಳಿಂದ. ಅದಕ್ಕೂ ಸೀಸ, ಕ್ಯಾಡ್ಮಿಯಂಗೂ ನೇರ ಸಂಬಂಧ ಇಲ್ಲ. ನೊರೆ ನಿಂತಿತು ಅಂದರೆ ಲೋಹ ಹೋಯಿತು ಅಂತಲ್ಲ, ನೊರೆ ಇದೆ ಅಂದರೆ ಲೋಹ ಇದೆ ಅಂತಲೂ ಅಲ್ಲ. ಟಿವಿ ಕ್ಯಾಮೆರಾಗೆ ನೊರೆ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಲೋಹ ಬರುವುದು ಬೇರೆ ದಾರಿಯಲ್ಲಿ. ಲೋಹಕ್ಕೆ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು, ಬ್ಯಾಟರಿ ಕೆಲಸ, ಬಣ್ಣ, ಬಟ್ಟೆಗೆ ಬಣ್ಣ ಹಾಕುವ ಕೆಲಸ ಎಲ್ಲ ಸೇರುತ್ತವೆ. ಕಾರ್ಖಾನೆ ಒಂದೂ ಇಲ್ಲದ ಬಡಾವಣೆಯ ಕೊಳಚೆಯಲ್ಲೂ ಸತು, ತಾಮ್ರ ಸ್ವಲ್ಪ ಇದ್ದೇ ಇರುತ್ತದೆ. ಕಲಾಯಿ ಪೈಪು, ಟೈರಿನ ಪುಡಿ, ಬ್ರೇಕಿನ ಧೂಳು ಮಳೆ ನೀರಿನ ಜತೆ ಚರಂಡಿ ಸೇರುತ್ತವೆ. ಎರಡನೇ ಹಂತದ ಶುದ್ಧೀಕರಣ ಇವನ್ನು ಹಿಡಿಯಲು ಕಟ್ಟಿದ್ದಲ್ಲ. ಅಲ್ಲಿ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ, ಕೆಸರು ತಳಕ್ಕೆ ಕೂರುತ್ತದೆ. ಆ ಕೆಸರಿನ ಜತೆ ಲೋಹದ ಒಂದು ಪಾಲು ಅಲ್ಲೇ ಉಳಿಯುತ್ತದೆ. ಕರಗಿದ್ದು ಮತ್ತು ಸಣ್ಣ ಕಣಕ್ಕೆ ಅಂಟಿದ್ದು ನೀರಿನ ಜತೆ ಮುಂದೆ ಹೋಗುತ್ತದೆ.

‘ಮಿತಿಯೊಳಗೆ’ ಅಂದರೆ ಯಾವ ಮಿತಿ?

ಗೊಂದಲ ಶುರುವಾಗುವುದೇ ಇಲ್ಲಿಂದ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಮಿತಿ ಒಂದು. ಕೊಳಚೆಯನ್ನು ಹಳ್ಳ, ಕೆರೆ, ನದಿಗೆ ಬಿಡಲು ಪರಿಸರ ಸಂರಕ್ಷಣಾ ನಿಯಮದ ಮಿತಿ ಇನ್ನೊಂದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಸೀಸಕ್ಕಿಂತ ಜಾಸ್ತಿ ಇರಬಾರದು. ಹೊರಗೆ ಬಿಡುವ ನೀರಿನಲ್ಲಿ 0.1 ಮಿಲಿಗ್ರಾಂ ಇರಬಹುದು. ಹತ್ತು ಪಟ್ಟು. ಕ್ಯಾಡ್ಮಿಯಂ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು: ಕುಡಿಯಲು 0.003, ಹೊರಗೆ ಬಿಡಲು 2. ಲೀಟರಿಗೆ 0.05 ಮಿಲಿಗ್ರಾಂ ಸೀಸ ಇರುವ ನೀರನ್ನು ಒಬ್ಬರು ‘ನಿಯಮದ ಪ್ರಕಾರ ಸರಿ’ ಅಂದರೆ ತಪ್ಪಲ್ಲ. ಅದೇ ನೀರನ್ನು ‘ಮಿತಿಗಿಂತ ಐದು ಪಟ್ಟು’ ಅಂತ ಇನ್ನೊಬ್ಬರು ಹೇಳಿದರೂ ತಪ್ಪಲ್ಲ.

ಲ್ಯಾಬ್ ವರದಿಯಲ್ಲಿ ‘ಬಿಡಿಎಲ್’ ಅಂತ ಬರೆದಿರುವುದನ್ನೂ ಗಮನಿಸಬೇಕು. ಆ ಲ್ಯಾಬಿನ ಯಂತ್ರ ಹಿಡಿಯಬಲ್ಲ ಅಳತೆಗಿಂತ ಕಮ್ಮಿ ಇದೆ ಅನ್ನುವುದಷ್ಟೇ ಅದರ ಅರ್ಥ, ಲೋಹ ಇಲ್ಲವೇ ಇಲ್ಲ ಅಂತಲ್ಲ. ಯಂತ್ರ 0.05ರ ಕೆಳಗೆ ಸೀಸವನ್ನು ಗುರುತಿಸದಿದ್ದರೆ, 0.01ರ ಮಿತಿಗೆ ಆ ವರದಿ ಏನನ್ನೂ ಹೇಳಿದಂತೆ ಆಗುವುದಿಲ್ಲ. ನೀರನ್ನು ಸೋಸಿ ಪರೀಕ್ಷೆ ಮಾಡಿದರಾ, ಸೋಸದೇ ಮಾಡಿದರಾ ಅನ್ನುವುದೂ ಮುಖ್ಯ. ಸೀಸ ಬಹಳ ಮಟ್ಟಿಗೆ ಕಣಕ್ಕೆ ಅಂಟಿಕೊಂಡೇ ಓಡಾಡುವ ಲೋಹ. ಸೋಸಿದರೆ ಅದರ ಹೆಚ್ಚಿನ ಪಾಲು ಸೋಸುಕಾಗದದ ಮೇಲೇ ಉಳಿದುಬಿಡುತ್ತದೆ.

ಇನ್ನೊಂದು ಸಣ್ಣ ಲೆಕ್ಕ ಮಾಡೋಣ. ಬರೀ ಲೆಕ್ಕ, ಯಾರ ವರದಿಯೂ ಅಲ್ಲ. ಬರುವ ನೀರಿನಲ್ಲಿ ಸೀಸ ಕುಡಿಯುವ ನೀರಿನ ಮಿತಿಯಷ್ಟೇ, ಅಂದರೆ ಲೀಟರಿಗೆ 0.01 ಮಿಲಿಗ್ರಾಂ ಇದೆ ಅಂದುಕೊಳ್ಳಿ. ದಿನಕ್ಕೆ 440 ದಶಲಕ್ಷ ಲೀಟರ್ ಅಂದರೆ ದಿನಕ್ಕೆ 4.4 ಕೆ.ಜಿ. ಸೀಸ. ವರ್ಷಕ್ಕೆ ಸುಮಾರು 1,600 ಕೆ.ಜಿ. 126 ಕೆರೆಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ 13 ಕೆ.ಜಿ.ಯ ಹತ್ತಿರ ಬರುತ್ತದೆ. ದೊಡ್ಡ ಕೆರೆಗೆ ಇದು ಗಾಬರಿಪಡುವ ಸಂಖ್ಯೆಯಲ್ಲ. ಆದರೆ ಅದು ಸಮನಾಗಿ ಹಂಚಿಹೋಗುವುದಿಲ್ಲ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಕೊಳೆ ಕರಗಿ ಹೋಗುತ್ತದೆ, ಲೋಹ ಕೊಳೆಯುವ ವಸ್ತುವಲ್ಲ. ಬೇಕಾದರೆ ಕೆಜಿಎಫ್ ನೋಡಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳು ಇವತ್ತಿಗೂ ಊರಿನ ನಡುವೆ ನಿಂತಿವೆ.

ಕೋಲಾರಕ್ಕೂ ಅಳಿವೆಗೂ ಏನು ಸಂಬಂಧ?

ನಮ್ಮ ಜಿಲ್ಲೆಗಳಿಗೆ ಸಮುದ್ರ ಇಲ್ಲ. ಆದರೆ ಈ ನೀರು ತನ್ನ ಪಾಡಿಗೆ ಹರಿದರೆ ಹೋಗುವುದು ಸಮುದ್ರಕ್ಕೇ. ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನ್ನಿಸಿಕೊಂಡು, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಬೆರೆಯುವ ಜಾಗವೇ ಅಳಿವೆ. ನೀರಿನಲ್ಲಿ ಲೋಹ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳು ಬಹಳ ಕಲಿತಿದ್ದು ಜಗತ್ತಿನ ಅಳಿವೆಗಳಲ್ಲಿ.

ಸುಮ್ನೆ ನೋಡಿದರೆ ಅಳಿವೆಯ ಲೆಕ್ಕ ಸುಲಭ ಅನ್ನಿಸುತ್ತದೆ. ನದಿಯಲ್ಲಿ ಲೋಹ ಇಷ್ಟು, ಸಮುದ್ರದಲ್ಲಿ ಇಷ್ಟು, ಅರ್ಧಕ್ಕರ್ಧ ಬೆರೆತ ಕಡೆ ಎರಡರ ಸರಾಸರಿ ಇರಬೇಕು, ಅಲ್ವಾ? ಅಳೆದು ನೋಡಿದರೆ ಹಾಗೆ ಇರುವುದಿಲ್ಲ. ನದಿ ನೀರಿನಲ್ಲಿ ಕಬ್ಬಿಣ ಬಹಳ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಉಪ್ಪು ತಾಗಿದ ಕೂಡಲೇ ಆ ಕಣಗಳು ಒಂದಕ್ಕೊಂದು ಅಂಟಿ, ದಪ್ಪಗಾಗಿ ತಳಕ್ಕೆ ಬೀಳುತ್ತವೆ. ಸೀಸದಂಥ ಲೋಹಗಳನ್ನೂ ಜತೆಗೆ ಎಳೆದುಕೊಂಡು ಹೋಗುತ್ತವೆ. ನೀರಿನಲ್ಲಿ ಸೀಸ ದಿಢೀರ್ ಅಂತ ಇಳಿಯುತ್ತದೆ, ತಳದ ಕೆಸರಿನಲ್ಲಿ ಏರುತ್ತದೆ.

ಕ್ಯಾಡ್ಮಿಯಂ ಇದಕ್ಕೆ ಉಲ್ಟಾ. ನದಿಯಲ್ಲಿ ಅದು ಕೆಸರಿನ ಕಣಕ್ಕೆ ಅಂಟಿಕೊಂಡು ಬರುತ್ತದೆ. ಸಮುದ್ರದ ಉಪ್ಪಿನಲ್ಲಿ ಕ್ಲೋರೈಡ್ ಜಾಸ್ತಿ. ಕ್ಯಾಡ್ಮಿಯಂ ಕಣವನ್ನು ಬಿಟ್ಟು ಕ್ಲೋರೈಡ್ ಜತೆ ಜೋಡಿಯಾಗಿ ನೀರಿಗೆ ಇಳಿಯುತ್ತದೆ. ಹಾಗಾಗಿ ಎಷ್ಟೋ ಅಳಿವೆಗಳಲ್ಲಿ ಕರಗಿದ ಕ್ಯಾಡ್ಮಿಯಂ ನದಿಯಲ್ಲೂ ಕಮ್ಮಿ, ಸಮುದ್ರದಲ್ಲೂ ಕಮ್ಮಿ, ನಡುವೆ ಮಾತ್ರ ಜಾಸ್ತಿ. ಅಲ್ಲಿ ಯಾರೂ ಹೊಸದಾಗಿ ವಿಷ ಸುರಿದಿರುವುದಿಲ್ಲ. ಕೆಸರಿನ ಕಣವನ್ನು ಬಸ್ಸು ಅಂದುಕೊಂಡರೆ ಲೋಹಗಳು ಪ್ರಯಾಣಿಕರು, ಒಬ್ಬೊಬ್ಬರು ಹತ್ತುವ, ಇಳಿಯುವ ಸ್ಟಾಪು ಬೇರೆ ಬೇರೆ. ತಾಮ್ರ ಇನ್ನೊಂದು ರೀತಿ. ಕೊಳೆತ ಎಲೆ, ಕೊಳಚೆಯಿಂದ ನೀರಿಗೆ ಸೇರಿದ ಸಾವಯವ ವಸ್ತುವನ್ನು ಹಿಡಿದುಕೊಂಡು ಅದು ಕರಗಿದ ಸ್ಥಿತಿಯಲ್ಲೇ ದೂರ ಹೋಗುತ್ತದೆ.

ಒಟ್ಟು ಲೋಹ ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ರೂಪದಲ್ಲಿ, ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದೇ ಅಲ್ಲಿ ಮುಖ್ಯ. ನಮ್ಮ ಕೆರೆಗೂ ಇದೇ ಮಾತು ಹೊಂದುತ್ತದೆ. ಅಲ್ಲಿ ಲೋಹವನ್ನು ಹತ್ತಿಸಿ ಇಳಿಸುವುದು ಉಪ್ಪು, ಇಲ್ಲಿ ಆಮ್ಲಜನಕ.

ಕೆರೆಯ ತಳದಲ್ಲಿ ನಡೆಯುವುದು

ನಮ್ಮ ಮಣ್ಣು ಕೆಂಪಗಿರುವುದು ಕಬ್ಬಿಣದ ತುಕ್ಕಿನಿಂದ. ಮಳೆಯಲ್ಲಿ ಕೊಚ್ಚಿ ಬರುವ ಆ ಮಣ್ಣು ಕೆರೆಗೆ ಸೇರುತ್ತಲೇ ಇರುತ್ತದೆ. ಗಾಳಿ ಆಡುವ ನೀರಿನಲ್ಲಿ ಈ ತುಕ್ಕಿನ ಕಣಗಳು ಸೀಸ, ಸತು, ಆರ್ಸೆನಿಕ್, ರಂಜಕ ಎಲ್ಲವನ್ನೂ ಮೈಗೆ ಅಂಟಿಸಿಕೊಂಡು ತಳಕ್ಕೆ ಕೂರುತ್ತವೆ. ಕೆರೆ ಇಷ್ಟರ ಮಟ್ಟಿಗೆ ಒಳ್ಳೆಯ ಸೋಸು. ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ಹೋಗುವ ಹೊತ್ತಿಗೆ ನೀರಿನಲ್ಲಿ ಲೋಹ ಕಮ್ಮಿಯಾಗಿರುವುದು ಸಹಜ. ‘ಕೆರೆಯಿಂದ ಕೆರೆಗೆ ನೀರು ತಾನಾಗೇ ಶುದ್ಧವಾಗುತ್ತದೆ’ ಅನ್ನುವ ವಾದಕ್ಕೆ ಇಲ್ಲಿ ಆಧಾರ ಇದೆ. ಆದರೆ ಕಮ್ಮಿಯಾದದ್ದು ಎಲ್ಲಿಗೆ ಹೋಯಿತು? ಮೇಲಿನ ಕೆರೆಯ ಗೋಡಿಗೆ.

ಕೊಳಚೆ ಶುದ್ಧ ಮಾಡಿದ ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ ಉಳಿದಿರುತ್ತದೆ. ಪಾಚಿ ಹುಲುಸಾಗಿ ಬೆಳೆಯುತ್ತದೆ, ಸಾಯುತ್ತದೆ, ತಳಕ್ಕೆ ಬೀಳುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ತಳದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ನಮ್ಮ ಕೆರೆಗಳು ಆಳ ಇಲ್ಲ, ಗಾಳಿಗೆ ನೀರು ಕಲಕುತ್ತದೆ ನಿಜ. ಆದರೂ ಗೋಡಿನ ಮೇಲ್ಪದರದ ಕೆಳಗೆ ಕೆಲವೇ ಮಿಲಿಮೀಟರ್ ಹೋದರೆ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ತುಕ್ಕನ್ನೇ ಉಸಿರಾಟಕ್ಕೆ ಬಳಸುತ್ತವೆ. ತುಕ್ಕು ಕರಗುತ್ತದೆ. ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್, ರಂಜಕ, ಕೆಲವು ಲೋಹ ಬಿಡುಗಡೆಯಾಗಿ ನೀರಿಗೆ ಬರುತ್ತವೆ.

ಆಮೇಲೆ ಇನ್ನೊಂದು ತಿರುವು. ತುಕ್ಕು ಮುಗಿದ ಮೇಲೆ ಬ್ಯಾಕ್ಟೀರಿಯಾ ಸಲ್ಫೇಟ್‌ಗೆ ಕೈ ಹಾಕುತ್ತವೆ, ಸಲ್ಫೈಡ್ ಹುಟ್ಟುತ್ತದೆ. ಗೋಡು ಕಪ್ಪಾಗುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಆಗಲೇ. ಜನ ಈ ಕಪ್ಪು ಗೋಡನ್ನು ನೋಡಿ ವಿಷ ಅನ್ನುತ್ತಾರೆ. ರಸಾಯನಶಾಸ್ತ್ರದ ಪ್ರಕಾರ ನೋಡಿದರೆ, ಸೀಸ, ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಅತಿ ಗಟ್ಟಿಯಾಗಿ ಹಿಡಿದಿಡುವುದೇ ಈ ಸಲ್ಫೈಡ್. ವಾಸನೆ ಬರುವ ಗೋಡಿನಲ್ಲಿ ಲೋಹ ಹೆಚ್ಚು ಭದ್ರವಾಗಿ ಕೂತಿರುತ್ತದೆ, ಅದನ್ನು ಅಲುಗಾಡಿಸದೇ ಬಿಟ್ಟರೆ.

ಎಲ್ಲ ಲೋಹಕ್ಕೂ ಒಂದೇ ಮದ್ದು ಇಲ್ಲ ಅನ್ನುವುದಕ್ಕೆ ಕ್ರೋಮಿಯಂ ನೋಡಿ. ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಸರಾಗವಾಗಿ ಓಡಾಡುತ್ತದೆ, ಕ್ಯಾನ್ಸರ್ ತರುವ ರೂಪವೂ ಅದೇ. ಆಮ್ಲಜನಕ ಇಲ್ಲದ ಗೋಡಿನಲ್ಲಿ ಅದು ಮೂರು ವೇಲೆನ್ಸಿಗೆ ಇಳಿದು ಮಣ್ಣಿಗೆ ಅಂಟಿಬಿಡುತ್ತದೆ. ಆರ್ಸೆನಿಕ್‌ಗೆ ಇದೇ ಪರಿಸ್ಥಿತಿ ಬಿಡುಗಡೆಯ ದಾರಿ. ಕೆರೆಗೆ ಗಾಳಿ ತುಂಬುವ ಯಂತ್ರ ಹಾಕಿದರೆ ಒಂದಕ್ಕೆ ಒಳ್ಳೆಯದು, ಇನ್ನೊಂದಕ್ಕೆ ಅಷ್ಟಾಗಿ ಅಲ್ಲ.

ಟಿಪ್ಪರ್ ಬಂದಾಗ

ಇಡೀ ವಿಷಯದಲ್ಲಿ ನಾವು ಅತಿ ಕಮ್ಮಿ ಮಾತಾಡುವ ಭಾಗ ಇದು. ಬಯಲುಸೀಮೆಯ ರೈತರಿಗೆ ಕೆರೆ ಗೋಡು ಅಂದರೆ ಪುಕ್ಕಟೆ ಗೊಬ್ಬರ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ತುಂಬಿ ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ. ಈಗ ಎತ್ತಿನಗಾಡಿಯ ಜಾಗಕ್ಕೆ ಜೆಸಿಬಿ, ಟ್ರ್ಯಾಕ್ಟರ್, ಟಿಪ್ಪರ್ ಬಂದಿವೆ. ಮಳೆ ನೀರಿನ ಕೆರೆಗೆ ಇದು ಒಳ್ಳೆಯ ಪದ್ಧತಿಯೇ. ಕೆರೆಗೂ ಜಾಗ ಆಗುತ್ತದೆ, ಹೊಲಕ್ಕೂ ಸಾರ ಸಿಗುತ್ತದೆ.

ವರ್ಷವಿಡೀ ಶುದ್ಧೀಕರಿಸಿದ ಕೊಳಚೆ ನೀರು ನಿಂತ ಕೆರೆಯಲ್ಲಿ ಲೆಕ್ಕ ಬದಲಾಗುತ್ತದೆ. ಕಪ್ಪು ಗೋಡನ್ನು ಎತ್ತಿ ಬಿಸಿಲಿಗೆ ಹರವಿದರೆ ಆಮ್ಲಜನಕ ಒಳಗೆ ನುಗ್ಗುತ್ತದೆ. ಲೋಹವನ್ನು ಹಿಡಿದಿಟ್ಟಿದ್ದ ಸಲ್ಫೈಡ್ ಒಡೆದು ಸಲ್ಫೇಟ್ ಆಗುತ್ತದೆ. ಮಣ್ಣು ಸ್ವಲ್ಪ ಹುಳಿಯಾಗುತ್ತದೆ. ಕ್ಯಾಡ್ಮಿಯಂ, ಸತು ಬಿಡಿಸಿಕೊಂಡು ಗಿಡದ ಬೇರಿಗೆ ಸಿಗುವ ರೂಪಕ್ಕೆ ಬರುತ್ತವೆ. ಗೋಡಿನಲ್ಲಿ ಒಟ್ಟು ಲೋಹ ಒಂದು ಗ್ರಾಂ ಕೂಡ ಹೆಚ್ಚಿರುವುದಿಲ್ಲ. ಆದರೂ ಕೆರೆಯಲ್ಲಿ ತೆಪ್ಪಗಿದ್ದದ್ದು ಹೊಲದಲ್ಲಿ ಓಡಾಡಲು ಶುರು ಮಾಡುತ್ತದೆ.

ಎಲ್ಲ ಬೆಳೆಗೂ ಒಂದೇ ಅಪಾಯ ಅಂತ ಹೇಳಿ ಹೆದರಿಸುವುದು ಬೇಡ. ಕ್ಯಾಡ್ಮಿಯಂ ಎಲೆಗೆ ಸುಲಭವಾಗಿ ಹೋಗುತ್ತದೆ. ಪಾಲಕ್, ದಂಟು, ಕೊತ್ತಂಬರಿಯಂಥ ಸೊಪ್ಪಿನ ಬೆಳೆಗಳಲ್ಲಿ ಎಚ್ಚರ ಬೇಕು. ಟೊಮೆಟೊದಂಥ ಹಣ್ಣಿಗೆ ಸಾಮಾನ್ಯವಾಗಿ ಅಷ್ಟು ಹೋಗುವುದಿಲ್ಲ. ಕೋಲಾರದ ಮಟ್ಟಿಗೆ ಇದು ಸಣ್ಣ ಸಮಾಧಾನವಲ್ಲ. ಸೀಸ ಹೆಚ್ಚಾಗಿ ಬೇರಿನ ಹತ್ತಿರವೇ ನಿಲ್ಲುತ್ತದೆ, ಸೊಪ್ಪಿನ ಮೇಲೆ ಇರುವುದು ಬಹುಪಾಲು ಅಂಟಿದ ಮಣ್ಣು, ಧೂಳು. ಅದನ್ನು ತೊಳೆದರೆ ಹೋಗುತ್ತದೆ. ಎಲೆಯೊಳಗಿನ ಕ್ಯಾಡ್ಮಿಯಂ ತೊಳೆದರೆ ಹೋಗುವುದಿಲ್ಲ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ ಬೇರಿಗೆ ಸಿಗುವುದು ಕಮ್ಮಿಯಾಗುತ್ತದೆ. ಆದರೆ ಎಷ್ಟು ಸುಣ್ಣ ಅನ್ನಲು ಮೊದಲು ಮಣ್ಣಿನ ಪರೀಕ್ಷೆ ಆಗಿರಬೇಕು.

ಬೋರ್‌ವೆಲ್‌ಗೆ ಇಳಿಯುತ್ತದಾ?

ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಕೆರೆಯಿಂದ ನೇರವಾಗಿ ಪಂಪ್ ಮಾಡಿ ಬೆಳೆಗೆ ಹಾಯಿಸಬಾರದು ಅಂತ ನಿಯಮ ಇದೆ. ಮಣ್ಣು ಸೋಸಿಕೊಡುತ್ತದೆ ಅನ್ನುವುದು ಇದರ ಹಿಂದಿನ ನಂಬಿಕೆ. ಸೀಸ, ಮೂರು ವೇಲೆನ್ಸಿಯ ಕ್ರೋಮಿಯಂ, ತಾಮ್ರದ ವಿಷಯದಲ್ಲಿ ನಂಬಿಕೆ ಬಹುತೇಕ ಸರಿ. ಕೆಲವು ಅಡಿ ಕೆಂಪು ಮಣ್ಣು, ಜೇಡಿ ಮಣ್ಣು ಸಿಕ್ಕಿದರೂ ಅವು ಅಲ್ಲೇ ನಿಲ್ಲುತ್ತವೆ. ನೈಟ್ರೇಟ್ ಮತ್ತು ಉಪ್ಪಿನಂಶ ನಿಲ್ಲುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಇವೇ.

ನಮ್ಮ ಕಡೆಯ ತೊಂದರೆ ಬಂಡೆಯದ್ದು. ಮೇಲೆ ತೆಳು ಮಣ್ಣು, ಕೆಳಗೆ ಗ್ರಾನೈಟ್ ಮತ್ತು ನೈಸ್ ಎನ್ನುವ ಗಟ್ಟಿ ಬಂಡೆ. ನೀರು ಇಳಿಯುವುದು ಬಿರುಕುಗಳಲ್ಲಿ. ಹೂಳೆತ್ತುವಾಗ ಜೆಸಿಬಿ ಆಸೆಗೆ ಬಿದ್ದು ಜೇಡಿ ಪದರವನ್ನೂ ಕೆರೆದು ಬಂಡೆ ಕಾಣಿಸಿದರೆ, ಸೋಸುವ ಮಣ್ಣೇ ಇರುವುದಿಲ್ಲ. ನೀರು ಬೇಗ ಇಂಗುತ್ತದೆ ಅಂತ ಅಲ್ಲಿ ಖುಷಿಪಡುವವರು, ಸೋಸದೇ ಇಂಗುತ್ತಿದೆ ಅನ್ನುವುದನ್ನೂ ನೋಡಬೇಕು.

ಯಾರು ಏನು ಹೇಳುತ್ತಾರೆ

ಸರ್ಕಾರದ ಕಡೆಯವರ ವಾದ ಸರಳ. ಬತ್ತಿದ್ದ ಕೆರೆಗಳು ತುಂಬಿವೆ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ, ಬಿಡುವ ನೀರು ನಿಯಮದ ಮಿತಿಯೊಳಗಿದೆ. ಸಾವಿರ ಅಡಿ ಕೊರೆದರೂ ಹನಿ ಸಿಗದೆ, ಸಿಕ್ಕಿದ ಕಡೆ ಫ್ಲೋರೈಡ್ ಬಂದು ಕಷ್ಟಪಟ್ಟ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ನೀರು ಬಂದ ಊರಿನ ರೈತರಲ್ಲಿ ಬಹಳ ಜನ ಇದನ್ನು ನಿಲ್ಲಿಸಿ ಅಂತ ಕೇಳುವುದಿಲ್ಲ.

ಹೋರಾಟಗಾರರ ಬೇಡಿಕೆ ಮೂರನೇ ಹಂತದ ಶುದ್ಧೀಕರಣ, ಅಂದರೆ ಎರಡನೇ ಹಂತ ದಾಟಿದ ನೀರನ್ನು ಮತ್ತೆ ಸೋಸಿ ರಂಜಕವನ್ನೂ ತೆಗೆಯುವುದು. ಬೇಡಿಕೆ ನ್ಯಾಯವಾದದ್ದೇ. ಆದರೆ ಅದರಿಂದ ಲೋಹ ಪೂರ್ತಿ ಹೋಗುತ್ತದೆ ಅಂದುಕೊಂಡರೆ ನಿರಾಸೆ ಆಗುತ್ತದೆ. ಸೋಸುವ ವ್ಯವಸ್ಥೆ ಕಣಕ್ಕೆ ಅಂಟಿದ ಲೋಹವನ್ನು ಹಿಡಿಯುತ್ತದೆ, ಕರಗಿದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಕರಗಿದ್ದನ್ನೂ ತೆಗೆಯಲು ಆರ್‌ಒ ಬೇಕು. 440 ದಶಲಕ್ಷ ಲೀಟರಿಗೆ ಆರ್‌ಒ ಅಂದರೆ ವಿದ್ಯುತ್ ಬಿಲ್ಲೂ ಭಾರಿ, ಉಳಿಯುವ ಗಟ್ಟಿ ಉಪ್ಪುನೀರನ್ನು ಎಲ್ಲಿ ಸುರಿಯುವುದು ಅನ್ನುವ ಹೊಸ ತಲೆನೋವೂ ಬರುತ್ತದೆ. ಮೂರನೇ ಹಂತದಿಂದ ಲೋಹದ ಮಟ್ಟಿಗೆ ಆಗುವ ದೊಡ್ಡ ಲಾಭ ಪರೋಕ್ಷವಾದದ್ದು. ರಂಜಕ ತೆಗೆದರೆ ಪಾಚಿ ಕಮ್ಮಿ, ಪಾಚಿ ಕಮ್ಮಿಯಾದರೆ ತಳದಲ್ಲಿ ಆಮ್ಲಜನಕ ಉಳಿಯುತ್ತದೆ, ತುಕ್ಕು ಕರಗದೆ ಹಿಡಿದ ಲೋಹವನ್ನು ಹಿಡಿದೇ ಇರುತ್ತದೆ. ಹೋರಾಟದ ಭಾಷಣಗಳಲ್ಲಿ ಈ ಕಾರಣ ಕೇಳಿಸುವುದು ಅಪರೂಪ. ನನ್ನ ಲೆಕ್ಕದಲ್ಲಿ ಅವರ ಬೇಡಿಕೆಗೆ ಇದೇ ಗಟ್ಟಿ ಆಧಾರ.

ಎಲ್ಲಕ್ಕಿಂತ ಅಗ್ಗದ ದಾರಿ ಲೋಹ ಚರಂಡಿಗೆ ಇಳಿಯುವ ಜಾಗದಲ್ಲೇ ತಡೆಯುವುದು. ತುಮಕೂರಿನವರು ಇದನ್ನು ಜಾಸ್ತಿ ಗಮನಿಸಬೇಕು. ಪೀಣ್ಯ ಕೈಗಾರಿಕಾ ಪ್ರದೇಶದ ನೀರು ಸೇರುವುದು ವೃಷಭಾವತಿ ಕಣಿವೆಗೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಅಲ್ಲಿ ಬಹಳ ಇವೆ. ಕೋಲಾರದ ವರದಿಯನ್ನು ತೋರಿಸಿ ತುಮಕೂರಿಗೆ ಅಭಯ ಕೊಡುವುದಕ್ಕೆ ಆಗುವುದಿಲ್ಲ, ಹೆದರಿಸುವುದಕ್ಕೂ ಆಗುವುದಿಲ್ಲ. ಕಣಿವೆ ಬೇರೆ, ಕೊಳಚೆಯ ಸ್ವಭಾವ ಬೇರೆ.

ಮುಂದೆ ಏನಾಗಬಹುದು

ಈಗಿನಂತೆಯೇ ನೀರು ಹರಿದರೆ ಲೋಹ ಎಲ್ಲ ಕೆರೆಗಳಲ್ಲೂ ಸಮನಾಗಿ ಏರುವುದಿಲ್ಲ. ಲಕ್ಷ್ಮೀಸಾಗರ, ನರಸಾಪುರದಂಥ ಮೊದಲ ಸಾಲಿನ ಕೆರೆಗಳಲ್ಲಿ, ಅದರಲ್ಲೂ ನೀರು ಒಳಗೆ ಬರುವ ಬಾಯಿಯ ಹತ್ತಿರ ಮತ್ತು ತೂಬಿನ ಬಳಿಯ ಆಳದ ಜಾಗದಲ್ಲಿ ಮೊದಲು ಏರುತ್ತದೆ. ಕೊನೆಯ ಸಾಲಿನ ಕೆರೆಗಳ ನೀರು, ಗೋಡು ಎರಡೂ ಬಹಳ ವರ್ಷ ಚೆನ್ನಾಗೇ ಇರಬಹುದು. ಹಾಗಾಗಿ ‘ಜಿಲ್ಲೆಯ ಕೆರೆಗಳ ಸರಾಸರಿ’ ಅನ್ನುವ ಸಂಖ್ಯೆ ಯಾರಿಗೂ ಪ್ರಯೋಜನವಿಲ್ಲ. ಮೇಲಿನ ಕೆರೆಯವರಿಗೆ ಅದು ಸುಳ್ಳು ಸಮಾಧಾನ, ಕೆಳಗಿನವರಿಗೆ ಸುಳ್ಳು ಭಯ.

ಅಪಾಯದ ಗಳಿಗೆಯೂ ಊಹಿಸಬಹುದಾದದ್ದೇ. ಪಂಪಿಂಗ್ ಕೆಲವು ತಿಂಗಳು ನಿಂತು ಕೆರೆ ಒಣಗಿದ ಬೇಸಿಗೆ. ಅದರ ಬೆನ್ನಿಗೆ ಹೂಳೆತ್ತುವ ಕಾಮಗಾರಿ. ಆಮೇಲೆ ಮೊದಲ ಜೋರು ಮಳೆ. ಒಣಗಿ ಒಡೆದ ಗೋಡಿನಿಂದ ಬಿಡಿಸಿಕೊಂಡ ಲೋಹ ಆಗ ನೀರಿಗೆ ಇಳಿಯುತ್ತದೆ. ನೀರಿನ ಪರೀಕ್ಷೆಯನ್ನು ಕೆರೆ ತುಂಬಿದ ತಿಂಗಳಲ್ಲಿ ಮಾಡಿದರೆ ಈ ಏರಿಕೆ ಸಿಗುವುದೇ ಇಲ್ಲ.

ಗೋಡಿನ ಪರೀಕ್ಷೆ ಕಷ್ಟದ ಕೆಲಸವೇನಲ್ಲ. ಕೊಳವೆ ಇಳಿಸಿ ಗೋಡನ್ನು ಪದರ ಪದರವಾಗಿ ಎತ್ತಬೇಕು, ಒಂದೊಂದು ಪದರದ ಲೋಹ ಅಳೆಯಬೇಕು. ಒಟ್ಟು ಎಷ್ಟು ಅನ್ನುವುದರ ಜತೆಗೆ, ತುಕ್ಕಿಗೆ ಅಂಟಿದ್ದು ಎಷ್ಟು, ಸಲ್ಫೈಡ್‌ನಲ್ಲಿ ಕೂತದ್ದು ಎಷ್ಟು, ಸುಮ್ನೆ ನೀರು ಹಾಕಿದರೇ ಬಿಟ್ಟುಹೋಗುವುದು ಎಷ್ಟು ಅಂತ ಬೇರೆ ಬೇರೆ ತೆಗೆದು ನೋಡುವ ವಿಧಾನ ಹಲವು ದಶಕಗಳಿಂದ ಬಳಕೆಯಲ್ಲಿದೆ. ಹೊಲಕ್ಕೆ ಗೋಡು ಹೊಡೆಯುವ ರೈತನಿಗೆ ಬೇಕಾದ ಉತ್ತರ ಈ ಕೊನೆಯ ಎರಡು ಅಂಕಿಗಳಲ್ಲಿದೆ.

ಹೋಲಿಸಲು ಮೊದಲಿನ ಸ್ಥಿತಿ ಗೊತ್ತಿರಬೇಕು. ಕೋಲಾರದಲ್ಲಿ 2018ಕ್ಕಿಂತ ಮುಂಚಿನ ಗೋಡು ತಳದ ಪದರಗಳಲ್ಲಿ ಇರಬಹುದು. ಆದರೆ ನೀರು ಬಿಡುವ ಮೊದಲೋ ಆಮೇಲೋ ಹೂಳೆತ್ತಿದ ಕೆರೆಯಲ್ಲಿ ಆ ಪದರಗಳು ಕಲಸಿಹೋಗಿರುತ್ತವೆ. ಅಂಥ ಕಡೆ ಇದೇ ನೀರು ಬಾರದ ಪಕ್ಕದ ಕೆರೆಯ ಗೋಡನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು. ವೃಷಭಾವತಿ ನೀರು ಇನ್ನೂ ಮುಟ್ಟದ ತುಮಕೂರು ಕಡೆಯ ಕೆರೆಗಳಲ್ಲಿ ಈ ಕೆಲಸ ಸುಲಭ. ಪೈಪ್‌ಲೈನ್ ಬರುವ ಮೊದಲು, ಕೆರೆಯಂಗಳ ಒಣಗಿದ ಒಂದು ಬೇಸಿಗೆಯಲ್ಲಿ, ಕೆರೆಗೆ ನಾಲ್ಕೈದು ಕಡೆ ಗೋಡು ತೆಗೆದು ಅಳೆದು ಇಟ್ಟರೆ ಸಾಕು. ನೀರು ಹರಿದ ಮೇಲೆ ಅದೇ ಕೆರೆಯಲ್ಲಿ ಆ ಅಳತೆ ಮತ್ತೆ ಸಿಗುವುದಿಲ್ಲ.